ಸ್ಲಾಟೆಡ್ ಆ್ಯಂಗಲ್ ರ‍್ಯಾಕ್: ಮುಂಬೈ ಉಗ್ರಾಣಕ್ಕೂ ಮನೆಗೂ ಎಷ್ಟು ಸರಿ?

ಮಾಟುಂಗಾದ ಹೋಟೆಲಿನ ಉಗ್ರಾಣಕ್ಕೆ ಹೋಗಿ, ಡೊಂಬಿವಲಿಯ ಒನ್ ಬಿಎಚ್‌ಕೆ ಮನೆಗೆ ಹೋಗಿ, ಭಿವಂಡಿಯ ಗೋದಾಮಿಗೆ ಹೋಗಿ, ಒಂದು ಸಾಮಾನು ಎಲ್ಲ ಕಡೆ ಕಾಣಿಸುತ್ತದೆ. ಸಾಲಾಗಿ ತೂತು ಕೊರೆದ ಬೂದು ಬಣ್ಣದ ಕಬ್ಬಿಣದ ಆ್ಯಂಗಲ್ (ಎಲ್ ಆಕಾರದ ಪಟ್ಟಿ), ಅದಕ್ಕೆ ನಟ್-ಬೋಲ್ಟು ಹಾಕಿ ಬಿಗಿದ ತಗಡಿನ ಶೆಲ್ಫು. ನೋಡಲು ಏನೇನೂ ಚೆಂದವಿಲ್ಲ. ಬಂದ ನೆಂಟರಿಗೆ ತೋರಿಸಿ ಹೆಮ್ಮೆಪಡುವ ವಸ್ತುವೂ ಅಲ್ಲ. ಆದರೆ 'ಮಾಡ್ಯುಲರ್' ಎಂದು ಬೋರ್ಡು ಹಾಕಿಕೊಂಡು ಮಾರುವ ಪೀಠೋಪಕರಣಗಳಲ್ಲಿ ಬಹುಪಾಲಿಗೆ ಇಲ್ಲದ ಗುಣ ಇದಕ್ಕಿದೆ. ಇವತ್ತು ಕೊಂಡ ರೂಪದಲ್ಲೇ ಅದು ಕೊನೆಯವರೆಗೆ ಇರಬೇಕಾಗಿಲ್ಲ. ಕೊಳ್ಳಿ ಎಂದೇ ನಮ್ಮ ಸಲಹೆ. ಮೂರು ಕಡೆ ಮಾತ್ರ ಎಚ್ಚರ ಬೇಕು: ಕೊಳ್ಳುವಾಗ ಗೇಜಿನಲ್ಲಿ (ಅಂದರೆ ತಗಡಿನ ದಪ್ಪದಲ್ಲಿ), ಜೋಡಿಸುವಾಗ ಮೂಲೆಗಳಲ್ಲಿ, ಮುಂದೆ ಬದಲಾಯಿಸುವಾಗ ಶೆಲ್ಫುಗಳ ನಡುವಿನ ಅಂತರದಲ್ಲಿ.

ಈ ಆ್ಯಂಗಲ್ ಹುಟ್ಟಿದ್ದು ಲಂಡನ್ನಿನ ಮುದ್ರಣಾಲಯವೊಂದರಲ್ಲಿ. ಅದನ್ನು ನಡೆಸುತ್ತಿದ್ದ ಆಸ್ಟ್ರೇಲಿಯಾ ಮೂಲದ ಡಿಮಿಟ್ರಿಯಸ್ ಕೊಮಿನೊ, ಕೆಲಸ ಬದಲಾದಂತೆಲ್ಲ ರ‍್ಯಾಕು ಒಡೆಸುವುದು, ಮತ್ತೆ ಹೊಸದು ಕಟ್ಟಿಸುವುದು ದಂಡ ಎಂದು ಕಂಡುಕೊಂಡರು. ಕತ್ತರಿಸಿ ಜೋಡಿಸಬಹುದಾದ, ಬೇಡವಾದಾಗ ಬಿಚ್ಚಿ ಬೇರೆ ರೂಪದಲ್ಲಿ ಕಟ್ಟಬಹುದಾದ ತೂತಿನ ಪಟ್ಟಿಯ ಯೋಚನೆ ಅಲ್ಲಿಂದ ಬಂತು. 1947ರಲ್ಲಿ ಅದು ಡೆಕ್ಸಿಯಾನ್ ಎಂಬ ಹೆಸರಿನಲ್ಲಿ ತಯಾರಾಗತೊಡಗಿತು. ನಮ್ಮ ಪೇಟೆಯಲ್ಲಿ ಸಿಗುವುದೆಲ್ಲ ಅದೇ ಕಲ್ಪನೆಯ ಮಕ್ಕಳು ಮೊಮ್ಮಕ್ಕಳು. ವಿನ್ಯಾಸದ ಜಾಣತನ ಇರುವುದು ಬದಲಾಗದೆ ಉಳಿದ ಭಾಗದಲ್ಲಿ: ಕಂಬ, ತೂತಿನ ಅಂತರ, ಬೋಲ್ಟಿನ ಅಳತೆ. ಈ ಮೂರು ಗಟ್ಟಿಯಾಗಿ ನಿಂತಿದ್ದರಿಂದಲೇ ಶೆಲ್ಫಿನ ಉದ್ದ, ಆಳ, ದಪ್ಪ, ಸಂಖ್ಯೆ ಎಲ್ಲವನ್ನೂ ಗಿರಾಕಿ ತನಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ಎಲ್ಲವೂ ಬದಲಾಗುತ್ತದೆ ಎಂದು ಮಾರಿದ ಸಾಮಾನು ಎರಡನೇ ಸಲ ಬಿಚ್ಚುವಾಗ ಯಾವುದಕ್ಕೂ ಕೂರುವುದಿಲ್ಲ.

ಉಗ್ರಾಣದ ಅಗತ್ಯ ಬದಲಾಗುತ್ತಲೇ ಇರುತ್ತದೆ ಎನ್ನಲು ಹೋಟೆಲಿನವರಿಗೆ ಬೇರೆ ಸಾಕ್ಷಿ ಬೇಡ. 2018ರ ಮಾರ್ಚಿನಲ್ಲಿ ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆ ಹೊರಡಿಸಿದ ಮೇಲೆ ತೆಳ್ಳನೆಯ ಚೀಲದ ಕಟ್ಟು ಹೋಗಿ, ಕಾಗದದ ಚೀಲ, ಡಬ್ಬಿಗಳ ದೊಡ್ಡ ದೊಡ್ಡ ಪೆಟ್ಟಿಗೆಗಳು ಬಂದವು. ತೂಕ ಕಡಿಮೆ, ಜಾಗ ಮಾತ್ರ ಬಹಳ. 2020ರ ಲಾಕ್‌ಡೌನ್ ಬಳಿಕ ಪಾರ್ಸೆಲ್ ಹೆಚ್ಚಿ ಆ ಪೆಟ್ಟಿಗೆಗಳ ರಾಶಿ ಇನ್ನೂ ಬೆಳೆಯಿತು. 2022ರ ಜುಲೈ 18ರಿಂದ, ಲೇಬಲ್ ಹಚ್ಚಿ ಮೊದಲೇ ತುಂಬಿಸಿದ 25 ಕೆ.ಜಿ.ವರೆಗಿನ ಅಕ್ಕಿ, ಬೇಳೆ, ಹಿಟ್ಟಿಗೆ ಶೇ. 5 ಜಿಎಸ್‌ಟಿ ಬಿತ್ತು. ತೆರಿಗೆಯ ಗೆರೆ ದಾಟಲು 26 ಕೆ.ಜಿ., 30 ಕೆ.ಜಿ. ಚೀಲಗಳು ಪೇಟೆಗೆ ಇಳಿದವು. ಸರ್ಕಾರದ ಒಂದು ಆದೇಶಕ್ಕೆ ಉಗ್ರಾಣದ ಕೆಳಗಿನ ಶೆಲ್ಫಿನ ಮೇಲಿನ ಭಾರ ಏರಿಬಿಟ್ಟಿತು! ಗೋಡೆಗೆ ಕಟ್ಟಿದ ಕಡಪಾ ಕಲ್ಲಿನ ಅಟ್ಟವಾಗಿದ್ದರೆ ಇದಕ್ಕೆಲ್ಲ ಒಡೆಯುವುದೇ ದಾರಿ. ಬೋಲ್ಟಿನ ರ‍್ಯಾಕಿನಲ್ಲಿ ಅರ್ಧ ಮಧ್ಯಾಹ್ನದ ಕೆಲಸ.

ಅಳತೆಯಲ್ಲಿ ಹೋಗುವ ಒಂದು ಇಂಚು

ಪೇಟೆಯಲ್ಲಿ ಸುಲಭವಾಗಿ ಸಿಗುವ ಶೆಲ್ಫು 36 ಇಂಚು ಅಗಲ, 12, 15 ಅಥವಾ 18 ಇಂಚು ಆಳ. ಹೆಚ್ಚಿನವರು 15ನ್ನು ಒಯ್ಯುತ್ತಾರೆ. ಹೋಟೆಲಿಗೆ ಅದು ಎಡವಟ್ಟು ಅಳತೆ. 15 ಕೆ.ಜಿ. ಎಣ್ಣೆ ಟಿನ್ನು ಸುಮಾರು 9¼ ಇಂಚು ಚೌಕ, 14 ಇಂಚು ಎತ್ತರ. 15 ಇಂಚಿನ ಆಳದಲ್ಲಿ ಒಂದೇ ಸಾಲು ಕೂರುತ್ತದೆ, ಹಿಂದೆ ಆರು ಇಂಚು ಸುಮ್ಮನೆ ಖಾಲಿ. 18 ಇಂಚಿನಲ್ಲಾದರೆ ಎರಡು ಸಾಲು ಕೂರುತ್ತದೆ, ಮುಂದಿನದು ಅರ್ಧ ಇಂಚು ಹೊರಚಾಚುತ್ತದೆ, ಅಷ್ಟರಿಂದ ಏನೂ ತೊಂದರೆಯಿಲ್ಲ. ಅಗಲದಲ್ಲಿ ಮೂರು ಟಿನ್ನು ಆರಾಮಾಗಿ ಹಿಡಿಯುತ್ತವೆ. ನಾಲ್ಕನೆಯದಕ್ಕೆ 37 ಇಂಚು ಬೇಕು, ನಮ್ಮಲ್ಲಿರುವುದು 36. ಒಂದೇ ಒಂದು ಇಂಚಿಗೆ ಶೆಲ್ಫಿಗೊಂದು ಟಿನ್ನು ಹೋಯಿತು. 48 ಇಂಚಿನ ಶೆಲ್ಫು ಹಾಕೋಣ ಎನ್ನುವ ಮೊದಲು ಇದನ್ನು ಲೆಕ್ಕ ಹಾಕಿ: ಅಷ್ಟೇ ಭಾರವನ್ನು ಮೂರಡಿಯ ಬದಲು ನಾಲ್ಕಡಿಯ ಮೇಲೆ ಹರಡಿದರೂ ಬಾಗು ಸುಮಾರು 2.4 ಪಟ್ಟು ಆಗುತ್ತದೆ, ಏಕೆಂದರೆ ಅದು ಉದ್ದದ ಘನದ ಲೆಕ್ಕದಲ್ಲಿ ಏರುತ್ತದೆ. ಅದರ ಮೇಲೆ ಹೆಚ್ಚುವರಿ ಟಿನ್ನುಗಳ ತೂಕ ಬೇರೆ. ನಾಲ್ಕಡಿ ಬೇಕೇ ಬೇಕಾದರೆ ಅಡಿಯಲ್ಲಿ ಎರಡು ಚಾನೆಲ್ ಪಟ್ಟಿ (ಬಾಗದಂತೆ ಹಿಡಿಯುವ ಮಡಚಿದ ತಗಡು) ಹಾಕಿಸಿ, ತಗಡು 18 ಗೇಜಿಗಿಂತ ತೆಳ್ಳಗಿರಬಾರದು.

ಅಕ್ಕಿ ಚೀಲಕ್ಕೂ 18 ಇಂಚೇ ಬೇಕು. 15ರಲ್ಲಿ ಚೀಲದ ಮೂತಿ ಹೊರಗೆ ಇಳಿಬಿದ್ದು, ಓಡಾಡುವವರ ಮೊಣಕಾಲು ತಾಗಿ ತಾಗಿ ಹೊಲಿಗೆ ಬಿಚ್ಚುತ್ತದೆ. 12 ಇಂಚು ಪಾರ್ಸೆಲ್ ಡಬ್ಬಿ, ಮಸಾಲೆ ಬರಣಿ, ಮನೆಯ ಪುಸ್ತಕಕ್ಕೆ ಸಾಕು.

ಗೇಜಿನ ಮೋಸ, ತಕ್ಕಡಿಯ ಉತ್ತರ

ಗೇಜ್ ಎಂದರೆ ತಗಡಿನ ದಪ್ಪ. ಸಂಖ್ಯೆ ಏರಿದಷ್ಟೂ ತಗಡು ತೆಳ್ಳಗೆ. 14 ಗೇಜ್ ಎಂದರೆ ಸುಮಾರು 2 ಮಿ.ಮೀ., 16 ಎಂದರೆ 1.6, 18 ಎಂದರೆ 1.2, 20 ಎಂದರೆ 0.9, 22 ಎಂದರೆ 0.7. ಕಂಬಕ್ಕೆ 14, ಶೆಲ್ಫಿಗೆ 20 ಎಂದು ಮಾತಾಗುವುದು ವಾಡಿಕೆ. 'ಶೆಟ್ರೇ, ಇಪ್ಪತ್ತೇ ಇದು, ಕಣ್ಣು ಮುಚ್ಚಿ ಒಯ್ಯಿರಿ' ಎಂದು ಅಂಗಡಿಯವರು ದಪ್ಪ ಅಳೆಯುವ ವರ್ನಿಯರ್ ಇಟ್ಟು ತೋರಿಸುತ್ತಾರೆ, 0.85 ಎಂದು ಬರುತ್ತದೆ, ನಾವೂ ತಲೆಯಾಡಿಸುತ್ತೇವೆ. ಆಟ ಇರುವುದು ಇಲ್ಲಿಯೇ. ಪೌಡರ್ ಕೋಟಿಂಗ್ ಒಂದು ಬದಿಗೆ 60ರಿಂದ 80 ಮೈಕ್ರಾನ್ ಇರುತ್ತದೆ, ಎರಡು ಬದಿ ಸೇರಿದರೆ 0.12ರಿಂದ 0.16 ಮಿ.ಮೀ. 0.71ರ ತಗಡು ಬಣ್ಣ ಮೆತ್ತಿಕೊಂಡು 0.85 ಆಗಿ ಮೆರೆಯುತ್ತದೆ. ಅಳೆದದ್ದು ಬಣ್ಣವನ್ನೂ ಸೇರಿಸಿ.

ಆದ್ದರಿಂದ ವರ್ನಿಯರ್ ಬಿಟ್ಟು ತಕ್ಕಡಿ ಕೇಳಿ. ಒಂದು ಚದರ ಮೀಟರ್ ಉಕ್ಕು, ಒಂದು ಮಿ.ಮೀ. ದಪ್ಪಕ್ಕೆ 7.85 ಕೆ.ಜಿ. ತೂಗುತ್ತದೆ. ಬಣ್ಣದ ತೂಕ ಇದರ ಮುಂದೆ ಲೆಕ್ಕಕ್ಕಿಲ್ಲ. 36×15 ಇಂಚಿನ ಶೆಲ್ಫು, ಸುತ್ತ ಒಂದು ಇಂಚು ಕೆಳಕ್ಕೆ ಅರ್ಧ ಇಂಚಿಗೂ ಸ್ವಲ್ಪ ಹೆಚ್ಚು ಒಳಕ್ಕೆ ಮಡಚಿದ್ದು, 20 ಗೇಜಿನದಾದರೆ 3¼ ಕೆ.ಜಿ. ಹತ್ತಿರ ಬರಬೇಕು. 2½ ಕೆ.ಜಿ. ತೂಗಿತೆಂದರೆ ಅದು 22, ಯಾರು ಏನೇ ಹೇಳಲಿ. ಕಂಬಕ್ಕೂ ಇದೇ ಪರೀಕ್ಷೆ: 40×40 ಮಿ.ಮೀ., 2 ಮಿ.ಮೀ. ದಪ್ಪದ 10 ಅಡಿ ಆ್ಯಂಗಲ್, ತೂತುಗಳನ್ನು ಕಳೆದು 3 ಕೆ.ಜಿ. ಆಸುಪಾಸು ಇರಬೇಕು. ರೇಟನ್ನು ಶೆಲ್ಫಿಗಿಷ್ಟು, ಕಂಬಕ್ಕಿಷ್ಟು ಎಂದು ಬಿಡಿ ಲೆಕ್ಕದಲ್ಲಿ ಹೇಳುವವರಿಗಿಂತ ಕೆ.ಜಿ. ಲೆಕ್ಕದಲ್ಲಿ ಹೇಳುವವರ ಹತ್ತಿರ ವ್ಯಾಪಾರ ಮಾಡಿ. ತೂಕಕ್ಕೆ ಮಾರುವವರಿಗೆ ತೆಳ್ಳನೆಯ ತಗಡಿನಿಂದ ಲಾಭವಿಲ್ಲ.

ತಗಡಿನ ದಪ್ಪದಷ್ಟೇ ಮುಖ್ಯವಾದದ್ದು ಅಂಚಿನ ಮಡಿಕೆ. ಶೆಲ್ಫನ್ನು ಬಾಗದಂತೆ ಹಿಡಿಯುವುದು ಆ ಮಡಿಕೆಯೇ, ಮೇಲಿನ ಹಾಸು ಸಾಮಾನು ಬೀಳದಂತೆ ತಡೆಯುತ್ತದೆ ಅಷ್ಟೆ. ಕೆಳಕ್ಕೆ ಒಂದು ಇಂಚು ಮಡಚಿ ನಿಲ್ಲಿಸಿದ್ದಕ್ಕಿಂತ, ಅದರ ತುದಿಯನ್ನು ಮತ್ತೆ ಒಳಕ್ಕೆ ತಿರುಗಿಸಿದ್ದು ಎಷ್ಟೋ ಗಟ್ಟಿ, ಕೈ ಕೊಯ್ಯುವುದೂ ಇಲ್ಲ. ಶೆಲ್ಫನ್ನು ತಲೆಕೆಳಗು ಮಾಡಿ ನೋಡದೆ ಹಣ ಕೊಡಬೇಡಿ. ಭಾರ ಹೇರಿದ ಮೇಲೆ ಮಧ್ಯದಲ್ಲಿ ಉದ್ದದ ಇನ್ನೂರರಲ್ಲಿ ಒಂದು ಪಾಲಿಗಿಂತ, ಅಂದರೆ ಮೂರಡಿಗೆ ನಾಲ್ಕೂವರೆ ಮಿ.ಮೀ.ಗಿಂತ ಹೆಚ್ಚು ಬಾಗಿದರೆ ಆ ಶೆಲ್ಫಿಗೆ ಅದು ಮಿತಿಮೀರಿದ ಭಾರ. ದಾರ ಕಟ್ಟಿ ಅಳೆದರೆ ಸಾಕು. ನಮ್ಮ ಹಂಚಿಕೆ ಹೀಗೆ: ಪಾರ್ಸೆಲ್ ಪೆಟ್ಟಿಗೆಗೆ 22 ಗೇಜ್, ಒಂದು ಸಾಲು ಟಿನ್ನಿಗೆ 20 ಮತ್ತು ಅಡಿಯಲ್ಲಿ ಒಂದು ಚಾನೆಲ್, ಎರಡು ಸಾಲು ಟಿನ್ನಿಗೂ ಅಕ್ಕಿ ಚೀಲಕ್ಕೂ 18. ಮೂರು ಬಗೆಯೂ ಒಂದೇ ಕಂಬಕ್ಕೆ ಕೂರುತ್ತವೆ. ಎಲ್ಲ ಶೆಲ್ಫಿಗೂ ಒಂದೇ ಗೇಜ್ ಕೊಳ್ಳುವುದು ಅಂಗಡಿಯವರಿಗೆ ಅನುಕೂಲ, ನಮಗಲ್ಲ.

ತೂತಿನ ಅಂತರ

ಈ ಪೇಟೆಯ ಅತಿ ದೊಡ್ಡ ಕೊರತೆ ಇದು. ಒಬ್ಬ ತಯಾರಕರ ತೂತು ಇಂಚಿನ ಲೆಕ್ಕದಲ್ಲಿದ್ದು, ಇನ್ನೊಬ್ಬರದು 25 ಮಿ.ಮೀ. ಲೆಕ್ಕದಲ್ಲಿದ್ದರೆ, ಪಕ್ಕಪಕ್ಕ ಇಟ್ಟಾಗ ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ. ಒಂದು ತೂತಿಗೆ 0.4 ಮಿ.ಮೀ. ಅಷ್ಟೆ. ಏಳಡಿ ಕಂಬದಲ್ಲಿ 84 ತೂತು ದಾಟುವಷ್ಟರಲ್ಲಿ ಅದು 33 ಮಿ.ಮೀ. ಆಗಿರುತ್ತದೆ. ಕೆಳಗಿನ ಶೆಲ್ಫು ಮಟ್ಟಸವಾಗಿ ಕೂತಿದೆ, ಮೇಲಿನದು ವಾಲಿದೆ, ಏಕೆಂದು ಮಾತ್ರ ಯಾರಿಗೂ ತಿಳಿಯದು. ಒಂದೇ ರ‍್ಯಾಕಿನ ನಾಲ್ಕು ಕಂಬಗಳು ಒಂದೇ ತಯಾರಕರ, ಸಾಧ್ಯವಾದರೆ ಒಂದೇ ಕಟ್ಟಿನ ಆ್ಯಂಗಲ್ ಆಗಿರಲಿ. ಐದು ವರ್ಷ ಬಿಟ್ಟು ಇನ್ನೊಂದು ರ‍್ಯಾಕು ಸೇರಿಸಲು ಹೋಗುವಾಗ ಹಳೆಯ ಆ್ಯಂಗಲಿನ ಒಂದಡಿ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಹೊಸ ಆ್ಯಂಗಲಿನ ಮೇಲೆ ಇಟ್ಟು, ಎರಡೂ ತುದಿಯ ತೂತಿಗೆ ಬೋಲ್ಟು ಹಾಕಿ ನೋಡಿ. ಎರಡೂ ಸಲೀಸಾಗಿ ಇಳಿದರೂ ನೆಚ್ಚಬೇಡಿ, ಒಂದಡಿಯಲ್ಲಿ ತಪ್ಪುವುದು ಐದು ಮಿ.ಮೀ. ಮಾತ್ರ, ಉದ್ದ ತೂತು ಅದನ್ನು ನುಂಗಿಬಿಡುತ್ತದೆ. ಮೂರಡಿ ತುಂಡಿದ್ದರೆ ಪರೀಕ್ಷೆ ಗಟ್ಟಿ. ಕಂಬದ ಮೇಲೆ ತೂತಿನ ಅಂತರವನ್ನೂ ಗೇಜನ್ನೂ ಅಚ್ಚೊತ್ತಿ ಕೊಟ್ಟರೆ ತಯಾರಕರಿಗೆ ಎಷ್ಟು ಖರ್ಚು ಬಂದೀತು? ಅದು ಇಲ್ಲದೆ ಗಿರಾಕಿ ಮತ್ತೆ ಅದೇ ಅಂಗಡಿಗೇ ಬರಬೇಕು ಎಂಬ ಲೆಕ್ಕಾಚಾರವೂ ಇರಬಹುದು.

ಉದ್ದ ತೂತಿನಿಂದ ಇನ್ನೊಂದು ಪೇಚು. ಅದರ ನಡುವೆ ಬಿಗಿದ ಬೋಲ್ಟು ಬರೀ ಘರ್ಷಣೆಯ ಮೇಲೆ ಭಾರ ಹೊತ್ತಿರುತ್ತದೆ. ಸ್ವಲ್ಪ ಸಡಿಲವಾದರೆ ಶೆಲ್ಫಿನ ಒಂದು ಮೂಲೆ ಕೆಳಕ್ಕೆ ಜಾರುತ್ತದೆ. ಬೋಲ್ಟನ್ನು ಕಂಬದ ಉದ್ದ ತೂತಿನ ತಳಕ್ಕೆ ಒತ್ತಿ ಹಿಡಿದು ಬಿಗಿಯಬೇಕು, ಆಗ ಭಾರ ಲೋಹದ ಮೇಲೆ ಕೂರುತ್ತದೆ.

ಕಂಬ ಕತ್ತರಿಸುವಾಗ ಹತ್ತಡಿಯ ಆ್ಯಂಗಲನ್ನು ಎಂಟಡಿಗೆ ಕತ್ತರಿಸಿದರೆ ಎರಡಡಿಯ ತುಂಡು ಭಂಗಾರಿಗೆ (ಗುಜರಿಗೆ) ಹೋಗುತ್ತದೆ. ಏಳಕ್ಕೆ ಕತ್ತರಿಸಿದರೆ ಮೂರಡಿಯ ತುಂಡು ಉಳಿಯುತ್ತದೆ. ಒಂದು ರ‍್ಯಾಕಿನ ನಾಲ್ಕು ಕಂಬ ಕತ್ತರಿಸಿದಾಗ ನಾಲ್ಕು ತುಂಡು ಉಳಿದವು, ಅಂದರೆ ಮೂರಡಿ ಎತ್ತರದ ಗಿಡ್ಡ ರ‍್ಯಾಕಿನ ಕಂಬಗಳು ಪುಕ್ಕಟೆ. ಮಿಕ್ಸರ್ ಸ್ಟ್ಯಾಂಡಿಗೋ, ಕಿಟಕಿಯ ಕೆಳಗಿನ ಜಾಗಕ್ಕೋ ಅದು ಬಂದೇ ಬರುತ್ತದೆ. ಕತ್ತರಿಸಿದ ತುಂಡುಗಳನ್ನು ಕೇಳಿ ತೆಗೆದುಕೊಳ್ಳಿ, ಅಂಗಡಿಯವರಾಗಿಯೇ ಕೊಡುವುದು ಅಪರೂಪ.

ಜೋಡಣೆ

ರ‍್ಯಾಕು ಮುರಿದು ಬೀಳುವುದಕ್ಕಿಂತ ವಾಲಿ ಬೀಳುವುದೇ ಹೆಚ್ಚು. ನಾಲ್ಕು ಮೂಲೆಗೆ ಒಂದೊಂದು ಬೋಲ್ಟು ಹಾಕಿದ ಚೌಕ ಪಕ್ಕಕ್ಕೆ ತಳ್ಳಿದರೆ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ಮೂಲೆಗೆ ಹಾಕುವ ತ್ರಿಕೋನದ ತಗಡು, ಅಂದರೆ ಗಸೆಟ್, ಇರುವುದು ಇದಕ್ಕೆ. ದರ ಕಮ್ಮಿ ಮಾಡಿ ಎಂದಾಗ ಅಂಗಡಿಯವರು ಮೊದಲು ಕೈಬಿಡುವುದೂ ಇದನ್ನೇ. ಏಳಡಿ ರ‍್ಯಾಕಿಗೆ ಮೇಲಿನ ಮತ್ತು ಕೆಳಗಿನ ಶೆಲ್ಫಿನ ಮೂಲೆಗಳಲ್ಲಿ, ಮುಂದೆ ನಾಲ್ಕು ಹಿಂದೆ ನಾಲ್ಕು, ಒಟ್ಟು ಎಂಟು ಗಸೆಟ್ ಬೇಕು. ಹಿಂಬದಿಗೆ ಕತ್ತರಿಯಾಕಾರದಲ್ಲಿ ಎರಡು ಚಪ್ಪಟೆ ಪಟ್ಟಿ ಹಾಕಿದರೆ ಇನ್ನೂ ಒಳ್ಳೆಯದು. ಹಿಂದೆ ಗೋಡೆ ಇರುವುದರಿಂದ ಸಾಮಾನು ತೆಗೆಯಲು ಅಡ್ಡಿಯಿಲ್ಲ.

ಬೇಕಾದದ್ದು 8 ಮಿ.ಮೀ. ದಪ್ಪದ ಎಂ8 ಬೋಲ್ಟು, 13 ನಂಬರಿನ ಪಾನಾ (ಸ್ಪ್ಯಾನರ್) ಎರಡು. ಒಂದು ಶೆಲ್ಫಿನ ಪ್ರತಿ ಮೂಲೆಗೆ ಎರಡು ಬೋಲ್ಟು, ಮುಂಭಾಗಕ್ಕೊಂದು ಪಕ್ಕಕ್ಕೊಂದು, ಹೀಗೆ ಎಂಟು. ಒಂದು ಮೂಲೆಗೆ ಒಂದೇ ಹಾಕಿ ಮುಗಿಸುವ ಫಿಟ್ಟರುಗಳಿದ್ದಾರೆ, ನಿಂತು ನೋಡಿ. ರ‍್ಯಾಕನ್ನು ನೆಲದ ಮೇಲೆ ಮಲಗಿಸಿ ಮೊದಲು ಮೇಲಿನ ಮತ್ತು ಕೆಳಗಿನ ಶೆಲ್ಫು ಮಾತ್ರ ಜೋಡಿಸಬೇಕು, ಎಲ್ಲ ನಟ್ಟೂ ಬೆರಳಿನ ಬಿಗಿ. ಎತ್ತಿ ನಿಲ್ಲಿಸಿ, ಎದುರು ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. ಎರಡು ಶೆಲ್ಫಿನ ನಡುವೆ 72 ಇಂಚು, ಅಗಲ 36 ಇಂಚು ಇದ್ದರೆ ಎರಡೂ ಕರ್ಣ 80½ ಇಂಚು ಬರಬೇಕು. ಸಮ ಬಂದ ಮೇಲೆ ಗಸೆಟ್ ಬಿಗಿದು, ಆಮೇಲೆ ನಡುವಿನ ಶೆಲ್ಫುಗಳು. ಮೊದಲೇ ಎಲ್ಲ ಬಿಗಿದು ನಿಲ್ಲಿಸಿದರೆ ಓರೆಯಾದದ್ದು ಓರೆಯಾಗಿಯೇ ಗಟ್ಟಿಯಾಗುತ್ತದೆ. ಅತಿ ಬಿಗಿಯೂ ಬೇಡ: ಸಾಮಾನ್ಯ 4.6 ದರ್ಜೆಯ ಬೋಲ್ಟಿಗೆ ಸುಮಾರು 10 ನ್ಯೂಟನ್-ಮೀಟರ್ ಸಾಕು, ಅಂದರೆ ಅರ್ಧ ಅಡಿ ಪಾನಾದ ತುದಿಗೆ ಏಳು ಕೆ.ಜಿ.ಯಷ್ಟು ಒತ್ತು. ಪಾನಾಕ್ಕೆ ಪೈಪು ಸಿಕ್ಕಿಸಿ ತಿರುಗಿಸಿದರೆ ತಗಡು ಗುಳಿಬಿದ್ದು, ಬಣ್ಣ ಸುತ್ತಲೂ ಒಡೆದು, ಮುಂದಿನ ಮಳೆಗಾಲಕ್ಕೆ ಅಲ್ಲಿಂದಲೇ ತುಕ್ಕು ಆರಂಭ.

ನೆಲ ಮಟ್ಟಸವಾಗಿದೆ ಎಂದುಕೊಳ್ಳಬೇಡಿ. ಮುಂಬೈ ಅಡುಗೆಮನೆಗಳ ನೆಲ ಮೋರಿಯ ಕಡೆಗೆ ಇಳಿಜಾರು. ಕಂಬದ ಕೆಳಗೆ ಬೇಸ್ ಪ್ಲೇಟ್ ಹಾಕಿ, ತಗ್ಗಿದ ಕಡೆ ಲೋಹದ ತುಣುಕು ಕೊಟ್ಟು ಎತ್ತರಿಸಿ. ರಟ್ಟು ಮಡಚಿ ಇಟ್ಟರೆ ಒರೆಸುವ ನೀರಿಗೆ ಕರಗುತ್ತದೆ.

ಏಳಡಿ ಎತ್ತರ, 18 ಇಂಚು ಆಳ ಎಂದರೆ ಎತ್ತರ ಆಳದ ನಾಲ್ಕೂವರೆ ಪಟ್ಟಿಗೂ ಹೆಚ್ಚಾಯಿತು. ನಾಲ್ಕು ಪಟ್ಟು ದಾಟಿದರೆ ಗೋಡೆಗೆ ಕಟ್ಟುವುದೇ ಸರಿ. ಯಾವ ಗೋಡೆ ಎಂಬುದರ ಮೇಲೆ ಮೊಳೆ ನಿರ್ಧಾರವಾಗುತ್ತದೆ. ಹೊಸ ಕಟ್ಟಡಗಳ ಸಿಪೋರೆಕ್ಸ್ ಎಂಬ ಹಗುರ ಕಾಂಕ್ರೀಟ್ ಇಟ್ಟಿಗೆಯಲ್ಲಿ ಮಾಮೂಲಿ ಲೋಹದ ಆ್ಯಂಕರ್ ಹಿಗ್ಗಿ ಹಿಡಿಯುವ ಬದಲು ಇಟ್ಟಿಗೆಯನ್ನೇ ಪುಡಿಮಾಡುತ್ತದೆ. ಅದಕ್ಕೆಂದೇ ಇರುವ ಉದ್ದನೆಯ ನೈಲಾನ್ ಪ್ಲಗ್ ಬೇಕು. ಮಿವಾನ್ ಪದ್ಧತಿಯ ಕಾಂಕ್ರೀಟ್ ಗೋಡೆಯಾದರೆ ಹ್ಯಾಮರ್ ಡ್ರಿಲ್ ಇಲ್ಲದೆ ಕೆಲಸವೇ ಸಾಗದು, ಆದರೆ ಒಮ್ಮೆ ಹಿಡಿದರೆ ಅಲುಗದು. ಹಳೆಯ ಚಾಳುಗಳ ಉದುರುವ ಗೋಡೆಯನ್ನು ನಂಬದೆ ಎರಡು ರ‍್ಯಾಕುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಬೋಲ್ಟು ಹಾಕಿ, ಆಳ ದುಪ್ಪಟ್ಟಾಗಿ ತಾನಾಗಿ ನಿಲ್ಲುತ್ತದೆ.

ಬದಲಾಯಿಸುವಾಗ

ಮಾಡ್ಯುಲರ್ ಸಾಮಾನಿನ ನಿಜವಾದ ಅಪಾಯ ಇಲ್ಲಿದೆ. ಅಂಗಡಿಯವರು ಹೇಳುವ ತಾಳಿಕೆ ಮೊದಲ ಜೋಡಣೆಯದು. ಗಿರಾಕಿ ಬದಲಾಯಿಸಿದ ಮೇಲೆ ಅದು ಬೇರೆಯೇ ರ‍್ಯಾಕು.

ಪಾರ್ಸೆಲ್ ಪೆಟ್ಟಿಗೆ ಇಡಲು ಎತ್ತರ ಸಾಲದು ಎಂದು ನಡುವಿನ ಒಂದು ಶೆಲ್ಫು ತೆಗೆದರು ಎನ್ನಿ. 18 ಇಂಚಿಗೊಮ್ಮೆ ಶೆಲ್ಫಿನ ಹಿಡಿತವಿದ್ದ ಕಂಬ ಈಗ 36 ಇಂಚು ಒಂಟಿಯಾಗಿ ನಿಂತಿದೆ. ಆಧಾರವಿಲ್ಲದ ಉದ್ದ ಎರಡು ಪಟ್ಟಾದರೆ, ತೆಳು ಕಂಬ ಬಳುಕದೆ ಹೊರುವ ಭಾರ ನಾಲ್ಕರಲ್ಲಿ ಒಂದಕ್ಕೆ ಇಳಿಯುತ್ತದೆ. 14 ಗೇಜಿನ ಕಂಬವಿದ್ದು ಮೇಲೆ ಡಬ್ಬಿಗಳಷ್ಟೇ ಇದ್ದರೆ ಚಿಂತೆಯಿಲ್ಲ. 16 ಗೇಜಿನ ಕಂಬ, ಮೇಲೆ ಎಣ್ಣೆ ಟಿನ್ನು, ನಡುವೆ ಖಾಲಿ, ಇದು ಬೀಳುವ ರ‍್ಯಾಕಿನ ಲಕ್ಷಣ. ಶೆಲ್ಫು ತೆಗೆದ ಜಾಗದಲ್ಲಿ ಮೂರಡಿಯ ಉಳಿದ ಆ್ಯಂಗಲ್ ತುಂಡನ್ನು ಹಿಂಬದಿಗೆ ಅಡ್ಡ ಹಾಕಿ, ಎರಡೂ ಪಕ್ಕಕ್ಕೆ ಒಂದೊಂದು ಗಿಡ್ಡ ತುಂಡು ಕೊಡಿ. ಸಾಮಾನು ತೆಗೆಯುವ ಮುಂಭಾಗ ತೆರೆದೇ ಇರುತ್ತದೆ, ಕಂಬಕ್ಕೆ ಹಿಡಿತವೂ ಸಿಕ್ಕಿತು.

ಭಾರದ್ದು ಕೆಳಗೆ, ಹಗುರದ್ದು ಮೇಲೆ ಎಂಬುದು ಎಲ್ಲರಿಗೂ ಗೊತ್ತು. ಹಬ್ಬದ ಸೀಸನ್ನಿನಲ್ಲಿ ಎಲ್ಲರೂ ಮರೆಯುವುದೂ ಅದನ್ನೇ. ಏಳಡಿಯಲ್ಲಿ ಐದು ಶೆಲ್ಫಿಗೆ ನೆಲದಿಂದ 6, 24, 42, 60, 83 ಇಂಚು ಒಳ್ಳೆಯ ಆರಂಭ: ಟಿನ್ನು ಇಟ್ಟರೂ ಕೈ ಹೋಗಲು ನಾಲ್ಕು ಇಂಚು ಉಳಿಯುತ್ತದೆ. ಕೆಳಗಿನ ಆರು ಇಂಚು ಖಾಲಿಯೇ ಇರಲಿ. ಆಹಾರ ಸಾಮಗ್ರಿ ನೆಲದಿಂದ ಮೇಲೆ, ಗೋಡೆಯಿಂದ ದೂರ ಇರಬೇಕು ಎಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ, ಕಸಬರಿಕೆ ಹೋಗಲೂ ಅಷ್ಟು ಜಾಗ ಬೇಕು.

ಎರಡು ರ‍್ಯಾಕು ಪಕ್ಕಪಕ್ಕ ಇಡುವಾಗ ನಡುವಿನ ಕಂಬ ಹಂಚಿಕೊಂಡರೆ ಎರಡು ಆ್ಯಂಗಲ್ ಉಳಿಯುತ್ತದಲ್ಲ ಎಂಬ ಸಲಹೆ ಬರುತ್ತದೆ. ಆ್ಯಂಗಲಿಗೆ ಇರುವುದು ಎರಡೇ ಮುಖ. ಪಕ್ಕದ ರ‍್ಯಾಕಿನ ಶೆಲ್ಫಿಗೆ ಪಕ್ಕದ ಬೋಲ್ಟು ಮಾತ್ರ ಸಿಗುತ್ತದೆ, ಮುಂದಿನದಕ್ಕೆ ಕಚ್ಚಲು ಲೋಹವೇ ಇರುವುದಿಲ್ಲ. ಜತೆಗೆ ಮುಂದೆಂದೋ ಒಂದು ರ‍್ಯಾಕನ್ನು ಬೇರೆ ಕಡೆ ಒಯ್ಯಬೇಕೆಂದರೆ ಎರಡನ್ನೂ ಬಿಚ್ಚಬೇಕು. ಪೂರ್ತಿ ನಾಲ್ಕು ಕಂಬದ ರ‍್ಯಾಕುಗಳನ್ನೇ ಇಟ್ಟು ಒಂದಕ್ಕೊಂದು ಬೋಲ್ಟು ಹಾಕುವುದು ಮೇಲು.

ತುಕ್ಕು

ಮುಂಬೈ, ಗೋವಾದ ಕಡಲ ಗಾಳಿಯಲ್ಲಿ ಈ ರ‍್ಯಾಕಿನ ಆಯುಸ್ಸು ಬಣ್ಣದ ದಪ್ಪಕ್ಕಿಂತ ಬಣ್ಣದ ಕೆಳಗಿನ ಫಾಸ್ಫೇಟ್ ತೊಳೆತದ ಮೇಲೆ ನಿಂತಿದೆ. ತೊಳೆಯದೆ ಬಳಿದ ಬಣ್ಣ ನಾಣ್ಯದ ಅಂಚಿನಿಂದ ಕೆರೆದರೆ ಸಿಪ್ಪೆಯ ಹಾಗೆ ಏಳುತ್ತದೆ, ಚೆನ್ನಾಗಿ ತೊಳೆದದ್ದರಲ್ಲಿ ಗೀರು ಮಾತ್ರ ಬೀಳುತ್ತದೆ. ಶೆಲ್ಫಿನ ಅಡಿಯಲ್ಲಿ ಕಾಣದ ಜಾಗದಲ್ಲಿ ಕೆರೆದು ನೋಡಲು ಬಿಡದ ಅಂಗಡಿ ಬೇಡ. ತೂತಿನ ಚೂಪು ಅಂಚುಗಳಲ್ಲಿ ಪೌಡರ್ ತೆಳ್ಳಗೆ ಕೂರುವುದರಿಂದ ತುಕ್ಕು ಅಲ್ಲಿಂದ ಕಣ್ಣು ಬಿಡುತ್ತದೆ. ಕತ್ತರಿಸಿದ ತುದಿಗಂತೂ ಬಣ್ಣವೇ ಇಲ್ಲ, ಜೋಡಿಸುವ ಮೊದಲೇ ಝಿಂಕ್ ಪ್ರೈಮರ್ ಹಚ್ಚಬೇಕು. ಕಂಬದ ಬುಡಕ್ಕೆ ತೊಡಿಸುವ ಪ್ಲಾಸ್ಟಿಕ್ ಬೂಟು ಟೈಲ್ಸ್ ಕಾಪಾಡುತ್ತದೆ, ನಿಜ, ಆದರೆ ನೆಲ ಒರೆಸಿದ ನೀರನ್ನು ಬಟ್ಟಲಿನಂತೆ ಹಿಡಿದಿಟ್ಟುಕೊಳ್ಳುತ್ತದೆ. ಒಳಗೆ ಕಂಬ ಕೊಳೆಯುತ್ತಿರುವುದು ಹೊರಗೆ ಕಾಣದು. ಒದ್ದೆ ನೆಲದಲ್ಲಿ ಅದನ್ನು ತೆಗೆದುಹಾಕಿ ಬೇಸ್ ಪ್ಲೇಟ್ ಬಳಸಿ.

ಪಾತ್ರೆ ತೊಳೆಯುವ ಜಾಗಕ್ಕೆ ಈ ರ‍್ಯಾಕು ಬೇಡವೇ ಬೇಡ. ಅಲ್ಲಿಗೆ ಎಸ್‌ಎಸ್ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಆಯಸ್ಕಾಂತ ಹಿಡಿಯದಿದ್ದರೆ 304 ಎಂದು ನಂಬಿಸುತ್ತಾರೆ, ಅಗ್ಗದ 202ಕ್ಕೂ ಆಯಸ್ಕಾಂತ ಹಿಡಿಯುವುದಿಲ್ಲ. ಭಂಗಾರ್ ವ್ಯಾಪಾರಿಗಳು ಬ್ಯಾಟರಿ ತಾಗಿಸಿ ಮಾಡುವ ಹನಿ ಪರೀಕ್ಷೆಯಲ್ಲಿ 202 ಕೆಂಪಾಗುತ್ತದೆ, ಆ ಹನಿಬಾಟಲಿ ನಾಗದೇವಿ ಸ್ಟ್ರೀಟಿನಂಥ ಹಾರ್ಡ್‌ವೇರ್ ಪೇಟೆಯಲ್ಲಿ ವಿಚಾರಿಸಿದರೆ ಸಿಗುತ್ತದೆ.

ಮನೆಗೆ?

ಲೀವ್ ಆ್ಯಂಡ್ ಲೈಸೆನ್ಸ್ ಎಂಬ ಬಾಡಿಗೆ ಕರಾರಿನಲ್ಲಿ 11 ತಿಂಗಳಿಗೊಮ್ಮೆ ಮನೆ ಬದಲಿಸುವವರಿಗೆ ಇದರಷ್ಟು ಒಗ್ಗುವುದು ಕಡಿಮೆ. ಬಿಚ್ಚಿದರೆ ಚಪ್ಪಟೆ, ಸಣ್ಣ ಲಿಫ್ಟು ಸಾಲದಿದ್ದರೂ ಮೆಟ್ಟಿಲಲ್ಲಿ ಹೊತ್ತು ಏರಬಹುದು. ಪಾರ್ಟಿಕಲ್ ಬೋರ್ಡಿನ ಕಪಾಟಿನ ಕ್ಯಾಮ್ ಲಾಕ್ (ಹಲಗೆ ಜೋಡಿಸುವ ತಿರುಗು ಚಿಲಕ) ಎರಡು ಮೂರು ಸಲ ಬಿಚ್ಚಿದ ಮೇಲೆ ಹಿಡಿತ ಬಿಡುತ್ತದೆ, ಮರದ ಪುಡಿಗೆ ಕೊರೆದ ತೂತು ಅಗಲವಾಗಿರುತ್ತದೆ. ಉಕ್ಕಿನ ತೂತಿಗೆ ಆ ರೋಗವಿಲ್ಲ. ಒಳ್ಳೆಯ ಪ್ಲೈವುಡ್ ಕಪಾಟುಗಳಲ್ಲಿ 32 ಮಿ.ಮೀ. ಅಂತರಕ್ಕೆ 5 ಮಿ.ಮೀ. ತೂತು, ಮುಂದಿನ ಅಂಚಿನಿಂದ 37 ಮಿ.ಮೀ. ಒಳಗೆ ಎಂಬ ಕಟ್ಟಳೆ ಇದೆ. ಅದನ್ನು ಪಾಲಿಸಿದ ಬಡಗಿ ಕೆಲಸವಾದರೆ ಹೆಚ್ಚಿನ ಕಂಪನಿಗಳ ಡ್ರಾಯರ್ ಚಾನೆಲ್ ಕೂರುತ್ತದೆ, ಸ್ವಂತ ಮನೆಯಿದ್ದು ಹಣ ಹಾಕಲು ಸಿದ್ಧರಿದ್ದರೆ ಅದನ್ನೇ ಮಾಡಿಸಿ. ಬೋಲ್ಟಿಲ್ಲದೆ ಕೊಕ್ಕೆಯಲ್ಲಿ ಕೂರುವ ರ‍್ಯಾಕು ಜೋಡಿಸಲು ಸುಲಭ, ಆದರೆ ಆ ಕೊಕ್ಕೆ ಆ ತಯಾರಕರದು ಮಾತ್ರ. ಅವರು ಅಂಗಡಿ ಮುಚ್ಚಿದ ದಿನ ನಿಮ್ಮ ಮಾಡ್ಯೂಲೂ ಮುಚ್ಚಿತು.

ವಾಷಿಂಗ್ ಮಷೀನಿನ ಮೇಲಿನ ಜಾಗಕ್ಕೆ 36 ಇಂಚಿನ ರ‍್ಯಾಕು ಸರಿಯಾಗಿ ಹೊಂದುತ್ತದೆ: ಮಷೀನು 60 ಸೆಂ.ಮೀ. ಅಗಲ, 85 ಸೆಂ.ಮೀ. ಎತ್ತರ, ಮೊದಲ ಶೆಲ್ಫು ನೆಲದಿಂದ 38 ಇಂಚಿಗೆ. ಕೆಳಗೆ ಶೆಲ್ಫಿಲ್ಲದ ಕಾರಣ ಹಿಂಬದಿಯ ಅಡ್ಡಪಟ್ಟಿ ಕಡ್ಡಾಯ, ನಡುಕಕ್ಕೆ ಮಾಮೂಲಿ ನಟ್ಟು ಸಡಿಲಾಗುವುದರಿಂದ ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ಟು ಹಾಕಿ. ಮಕ್ಕಳಿರುವ ಮನೆಯಲ್ಲಿ ಕಂಬದ ಅಂಚಿಗೆ ರಬ್ಬರ್ ಬೀಡಿಂಗ್. ಸದ್ದು ಇದ್ದೇ ಇರುತ್ತದೆ, ಸ್ಟೀಲ್ ಡಬ್ಬ ಇಟ್ಟಾಗಲೆಲ್ಲ ಢಣ್ ಎನ್ನುವುದನ್ನು ತೆಳ್ಳನೆಯ ರಬ್ಬರ್ ಹಾಸು ತಗ್ಗಿಸುತ್ತದೆ. ಬಂದವರು ಕೂರುವ ಹಾಲ್‌ನಲ್ಲಿ ಇಡುವ ಮಾತು ಮಾತ್ರ ಬೇಡ.

ಆರ್ಡರ್ ಚೀಟಿ

ಹತ್ತಡಿ ಗೋಡೆಯ ಉಗ್ರಾಣಕ್ಕೆ ಮೂರು ರ‍್ಯಾಕು ಹಿಡಿಯುತ್ತವೆ, ಹನ್ನೊಂದು ಇಂಚು ಉಳಿಯುತ್ತದೆ, ಅಲ್ಲಿ ಮಡಚುವ ಏಣಿ ನಿಲ್ಲಿಸಬಹುದು. ಬರೆದುಕೊಡಬೇಕಾದದ್ದು ಇಷ್ಟು: 40×40, 14 ಗೇಜ್, ಹತ್ತಡಿ ಆ್ಯಂಗಲ್ 12, ಏಳು ಮತ್ತು ಮೂರಡಿಗೆ ಕತ್ತರಿಸಿ ಎರಡೂ ತುಂಡು ಕೊಡಬೇಕು. 36×18 ಶೆಲ್ಫು ಒಟ್ಟು 15, ಅದರಲ್ಲಿ 6 ಹದಿನೆಂಟು ಗೇಜ್, 6 ಇಪ್ಪತ್ತು ಗೇಜ್ ಚಾನೆಲ್ ಸಹಿತ, 3 ಇಪ್ಪತ್ತೆರಡು ಗೇಜ್. ಗಸೆಟ್ 24, ಬೇಸ್ ಪ್ಲೇಟ್ 12. ಬೋಲ್ಟು ಶೆಲ್ಫಿಗೆ 120, ಗಸೆಟ್‌ಗೆ 48, ಕಳೆದುಹೋಗುವುದು ಸೇರಿ 200 ಕೊಂಡುಬಿಡಿ. ಹಿಂಬದಿಗೆ ಕತ್ತರಿಯಾಕಾರದಲ್ಲಿ ಹಾಕುವ ಚಪ್ಪಟೆ ಪಟ್ಟಿ ಆರು. ತೂಕ ಮಾಡಿ ಬಿಲ್ಲಿನಲ್ಲಿ ಕೆ.ಜಿ. ಬರೆಯಬೇಕು, ರೇಟು ಜಿಎಸ್‌ಟಿ ಸೇರಿಯೋ ಸೇರದೆಯೋ ಎಂಬುದನ್ನು ಮೊದಲೇ ಹೇಳಬೇಕು, ಟೆಂಪೋ ಮತ್ತು ಹಮಾಲಿ ಯಾರ ತಲೆಗೆ ಎಂಬುದನ್ನೂ. ಫಿಟ್ಟರ್ ಅವರ ಕಡೆಯವರೇ ಆದರೆ ಗಸೆಟ್ ಎಣಿಸಿಕೊಂಡ ಮೇಲೆ ಬಾಕಿ ಹಣ ಕೊಡಿ.